ಎಳೆಗಾಳ ಕಟ್ಟುವ ಬಗೆ: ಮಾರ್ಲಿನ್ ಮೀನಿನ ಗಾಳದಿಂದ ನಾವು ಕಲಿತದ್ದು

(ಸಂಘದ ರಜತ ಮಹೋತ್ಸವದ ಎರಡನೇ ದಿನದ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



 ನಾವು ಓದಿದ್ದು ಎಸ್ಸೆಸ್ಸೆಲ್ಸಿ. ಭಾಷಣ ಮಾಡಿ ಅಭ್ಯಾಸ ಇಲ್ಲ. ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿ ಅಭ್ಯಾಸ ಉಂಟು, ನಿರ್ದೇಶಕರಾದ ಮೇಲೆ ಕೂತು ಲೆಕ್ಕ ಹೇಳಿ ಅಭ್ಯಾಸ ಆಯ್ತು, ಅಷ್ಟೇ.

ನಿನ್ನೆ ಕೃಷಿ ಇಲಾಖೆಯವರು ಅಡಿಕೆಯ ಕೊಳೆರೋಗದ ಬಗ್ಗೆ ಚೆನ್ನಾಗಿ ಹೇಳಿದರು. ನಮಗೂ ಅದನ್ನೇ ಹೇಳಲಿಕ್ಕೆ ಕೊಟ್ಟಿದ್ದರೆ ಸುಲಭ ಇತ್ತು. ಆದರೆ ಅಧ್ಯಕ್ಷರು, "ನಮ್ಮ ಸದಸ್ಯರಲ್ಲಿ ಅರ್ಧ ಜನಕ್ಕೆ ಗದ್ದೆ, ಅರ್ಧ ಜನಕ್ಕೆ ಕಡಲು. ನೀವು ಆ ಗಾಳದ ವಿಷಯ ಹೇಳಿ, ಊರಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳ್ತಿದ್ದಾರೆ" ಅಂದರು. ಹಾಗಾಗಿ ಆದದ್ದು ಆದ ಹಾಗೆ ಹೇಳುತ್ತೇವೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಟ್ರಾಲಿಂಗ್ ಬೇರೆ, ಟ್ರೋಲಿಂಗ್ ಬೇರೆ. ಟ್ರಾಲ್ ಬೋಟಿನವರು ಬಲೆಯನ್ನು ಎಳೆಯುವುದು ಟ್ರಾಲಿಂಗ್. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ನಿಷೇಧ ಬರುತ್ತದಲ್ಲ, ಅದನ್ನು ಪೇಪರಿನಲ್ಲಿ ಕೆಲವು ಸಲ ಟ್ರೋಲಿಂಗ್ ನಿಷೇಧ ಅಂತ ಬರೆದುಬಿಡುತ್ತಾರೆ. ಅದು ತಪ್ಪು. ಟ್ರೋಲಿಂಗ್ ಅಂದರೆ ಬೋಟಿನ ಹಿಂದೆ ದಾರ ಬಿಟ್ಟು, ದಾರದ ತುದಿಯಲ್ಲಿ ಗಾಳ ಮತ್ತು ಹುಸಿ ಮೀನು ಕಟ್ಟಿ, ಬೋಟು ಓಡಿಸುತ್ತಾ ಎಳೆಯುವುದು. ನಮ್ಮ ಹಿರಿಯರು ಬಿಳಿ ಗರಿ ಕಟ್ಟಿ ಅಂಜಲ್ ಮೀನಿಗೆ ಎಳೆಯುತ್ತಿದ್ದದ್ದೂ ಇದೇ. ನಾವು ಇದನ್ನು ಎಳೆಗಾಳ ಅನ್ನೋಣ.

ಈ ಎಳೆಗಾಳದ ವಿದ್ಯೆ ಅತಿ ಹೆಚ್ಚು ಬೆಳೆದದ್ದು ಮಾರ್ಲಿನ್ ಎಂಬ ಮೀನನ್ನು ಹಿಡಿಯುವ ಕಡೆ. ಮೇಲ್ದವಡೆ ಈಟಿಯ ಹಾಗೆ ಉದ್ದ, ಬೆನ್ನು ಕಡು ನೀಲಿ, ಹೊಟ್ಟೆ ಬೆಳ್ಳಿ. ಆಳದ ನೀರಿನ ಮೀನು. ನೀಲಿ ಮಾರ್ಲಿನ್ ಅಂತ ಒಂದು, ಕಪ್ಪು ಮಾರ್ಲಿನ್ ಅಂತ ಇನ್ನೊಂದು. ಕಪ್ಪು ಮಾರ್ಲಿನ್ನಿಗೆ ವಿಜ್ಞಾನಿಗಳು ಇಟ್ಟ ಹೆಸರಿನಲ್ಲೇ 'ಇಂಡಿಕಾ' ಅಂತ ಇದೆ, ಹಿಂದೂ ಮಹಾಸಾಗರದಲ್ಲೂ ಇರುವ ಮೀನು ಅದು. 1953ರಲ್ಲಿ ಪೆರು ದೇಶದ ಕಾಬೊ ಬ್ಲಾಂಕೊದಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಎಂಬುವರು ಕೋಲು ಗಾಳದಲ್ಲಿ ಹಿಡಿದ ಕಪ್ಪು ಮಾರ್ಲಿನ್ 1,560 ಪೌಂಡ್, ಅಂದರೆ ಸುಮಾರು 707 ಕಿಲೋ ತೂಗಿತು. ಆ ದಾಖಲೆ ಇನ್ನೂ ಮುರಿದಿಲ್ಲ. ನೀಲಿ ಮಾರ್ಲಿನ್ನಿನಲ್ಲಿ ಗಂಡು 150–160 ಕಿಲೋ ದಾಟುವುದೇ ಅಪರೂಪ. ಅದಕ್ಕಿಂತ ದೊಡ್ಡದೆಲ್ಲ ಹೆಣ್ಣೇ. ತಾಯಂದಿರು ನಗುವುದು ಬೇಡ, ಇದು ನಿಜವಾದ ಮಾತು.

ಇಷ್ಟು ದೂರದ ಸಂಗತಿ ನಮಗೆ ಹೇಗೆ ಗೊತ್ತಾಯ್ತು ಅಂತ ಕೇಳಬಹುದು. ನಮ್ಮ ಭಾವ, ಅಂದರೆ ಮನೆಯವರ ಅಣ್ಣ, ದೋಣಿಯಿಟ್ಟು ಬದುಕುವವರು. ಅವರ ಮಗ ಅಂಡಮಾನಿಗೆ ಹೋಗಿ, ಪ್ರವಾಸಿಗರನ್ನು ಗಾಳ ಹಾಕಲಿಕ್ಕೆ ಕರೆದುಕೊಂಡು ಹೋಗುವ ಬೋಟಿನಲ್ಲಿ ಮೂರು ವರ್ಷ ಕೆಲಸ ಮಾಡಿದ. 2020ರಲ್ಲಿ ಕೊರೋನಾ ಬಂದು ಪ್ರವಾಸಿಗರು ನಿಂತಾಗ ಊರಿಗೆ ಬಂದ. ಬರುವಾಗ ಒಂದು ಚೀಲದ ತುಂಬ ಗಾಳ, ಬಣ್ಣಬಣ್ಣದ ಹುಸಿ ಮೀನು, ದಪ್ಪ ತಂಗೂಸು ತಂದ. ಅವನಿಗೆ ಕಲಿಸಿದ ಬೋಟಿನವರು ಹವಾಯಿ ದ್ವೀಪದ ಕೋನಾ ಎಂಬ ಊರಿನ ಪದ್ಧತಿಯನ್ನು ಅನುಸರಿಸುವವರಂತೆ. ಹಾಗಾಗಿ ಹುಡುಗನ ಬಾಯಲ್ಲಿ ಬೆಳಗಾದರೆ ಕೋನಾ, ರಾತ್ರಿಯಾದರೆ ಕೋನಾ.

ಕೋನಾ ಇರುವುದು ಹವಾಯಿಯ ದೊಡ್ಡ ದ್ವೀಪದ ಪಶ್ಚಿಮ ತೀರದಲ್ಲಿ. ಹಿಂದೆ ಎತ್ತರದ ಜ್ವಾಲಾಮುಖಿ ಬೆಟ್ಟಗಳು, ಅವು ಗಾಳಿಯನ್ನು ತಡೆಯುತ್ತವೆ. ಅದರಿಂದ ಕಡಲು ಶಾಂತ. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಸಾವಿರಾರು ಅಡಿ ಆಳ. ನಮ್ಮಲ್ಲಿ ಹಾಗಲ್ಲ, ಹತ್ತಾರು ಕಿಲೋಮೀಟರ್ ಹೋದರೂ ಕಡಲು ತಳ ತೋರಿಸುವಷ್ಟೇ ಆಳ. ಅದಕ್ಕೇ ನಮ್ಮ ದೋಣಿಗಳಿಗೆ ಮಾರ್ಲಿನ್ ಸಿಗುವುದಿಲ್ಲ. ಅದರ ದಾಯಾದಿ, ಬೆನ್ನಿನ ಮೇಲೆ ಹಾಯಿ ಇರುವ ಮೀನು ಆಗಾಗ ಬರುತ್ತದೆ. ಅಂದ ಹಾಗೆ ಆ ಕೋನಾದ ಬೆಟ್ಟಗಳಲ್ಲಿ ಬೆಳೆಯುವುದು ಕಾಫಿ. ಮೇಲೆ ಕಾಫಿ, ಕೆಳಗೆ ಮೀನು. ಚಿಕ್ಕಮಗಳೂರನ್ನು ತಂದು ಮಲ್ಪೆಗೆ ಅಂಟಿಸಿದ ಹಾಗೆ.

ಅಲ್ಲಿ ಹೆನ್ರಿ ಚೀ ಎಂಬ ಬೋಟಿನ ಯಜಮಾನರಿದ್ದರು. ಹುಸಿ ಮೀನಿನ ತಲೆ ಮಾಡಲಿಕ್ಕೆ ಅವರು ಕುಡಿಯುವ ಗ್ಲಾಸನ್ನೇ ಅಚ್ಚಾಗಿ ಇಟ್ಟುಕೊಂಡು, ಅದರೊಳಗೆ ರಾಳದಂಥ ಪ್ಲಾಸ್ಟಿಕ್ ದ್ರವ ಹೊಯ್ದು ಗಟ್ಟಿ ಮಾಡಿದರು. ಆ ಕಾಲದಲ್ಲಿ ಹಳೇ ಟ್ಯೂಬಿನ ರಬ್ಬರನ್ನು ಸೀಳಿ ಲಂಗದ ಹಾಗೆ ಸುತ್ತ ಕಟ್ಟುವುದೂ ಇತ್ತು. ಈಗ ಪ್ರಪಂಚದಲ್ಲೆಲ್ಲ ಮಾರುವ ದುಬಾರಿ ಹುಸಿ ಮೀನುಗಳ ಅಜ್ಜ ಈ ಗ್ಲಾಸಿನ ಮೀನು. ನಮ್ಮವರು ಪೇಟೆಯ ವಸ್ತು ಅಂದ ಕೂಡಲೇ ಕೈಮುಗಿಯುತ್ತಾರೆ, ಅದಕ್ಕೆ ಇದನ್ನು ಹೇಳಿದೆವು.

ಇನ್ನು ಕಟ್ಟುವ ವಿಷಯ. ಹುಸಿ ಮೀನು ಅಂದರೆ ಎರಡು ಭಾಗ. ಮುಂದೆ ಗಟ್ಟಿ ತಲೆ, ಹಿಂದೆ ಬೊಂಡಾಸದ ಕಾಲಿನ ಹಾಗೆ ಸೀಳು ಸೀಳಾದ ರಬ್ಬರ್ ಲಂಗ. ತಲೆಯ ನಡುವೆ ಉದ್ದಕ್ಕೆ ಒಂದು ತೂತು. ದಾರ ಆ ತೂತಿನಲ್ಲಿ ನುಗ್ಗಿ ಹಿಂದೆ ಗಾಳಕ್ಕೆ ಕಟ್ಟಿರುತ್ತದೆ. ಹುಸಿ ಮೀನನ್ನು ದಾರಕ್ಕೆ ಕಟ್ಟುವುದಿಲ್ಲ, ಅದು ದಾರದ ಮೇಲೆ ಜಾರಾಡುತ್ತದೆ. ಇದು ಮುಖ್ಯ. ಗಾಳ ಕಚ್ಚಿದ ಮೀನು ತಲೆ ಕೊಡವಿದಾಗ ಭಾರದ ತಲೆ ಗಾಳಕ್ಕೆ ಜಗ್ಗಬಾರದು, ದಾರದಲ್ಲಿ ಮೇಲಕ್ಕೆ ಜಾರಿ ಹೋಗಬೇಕು.

ತಲೆಯ ಮುಖ ಓರೆಯಾಗಿದ್ದರೆ ಅದು ಅತ್ತಿತ್ತ ತುಳುಕುತ್ತದೆ, ನೇರ ಕತ್ತರಿಸಿದ್ದರೆ ಸೀದಾ ಓಡುತ್ತದೆ, ಗುಂಡಿನ ಹಾಗೆ ಚೂಪಾಗಿದ್ದರೆ ಗಾಳಿ ಇರುವ ದಿನವೂ ನೀರು ಬಿಟ್ಟು ಹಾರುವುದಿಲ್ಲ. ಬೋಟಿನ ವೇಗ ಏಳರಿಂದ ಒಂಬತ್ತು ನಾಟ್, ಅಂದರೆ ಗಂಟೆಗೆ 13ರಿಂದ 17 ಕಿಲೋಮೀಟರ್. ಸೈಕಲ್ಲನ್ನು ಸ್ವಲ್ಪ ಜೋರಾಗಿ ತುಳಿದ ಹಾಗೆ. ಆ ವೇಗದಲ್ಲಿ ಹುಸಿ ಮೀನು ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡು, ಕೆಳಗೆ ಹೋಗಿ ಹಿಂದೆ ಬಿಳಿ ಗುಳ್ಳೆಯ ಬಾಲ ಬಿಡಬೇಕು. ಮತ್ತೆ ಮೇಲೆ, ಮತ್ತೆ ಕೆಳಗೆ. ಮೀನು ನೋಡುವುದು ಆ ಗುಳ್ಳೆಯ ಹೊಗೆಯನ್ನು.

ಇದನ್ನು ಬಿಡುವ ಜಾಗವೂ ಒಂದು ಲೆಕ್ಕ. ಬೋಟಿನ ಹಿಂದೆ ಅಲೆಗಳು ಸಾಲಾಗಿ ಏಳುತ್ತವೆ. ಎರಡನೇ ಅಥವಾ ಮೂರನೇ ಅಲೆಯಲ್ಲಿ ಒಂದು, ಅದರ ಹಿಂದಿನ ಅಲೆಯಲ್ಲಿ ಒಂದು, ಹೀಗೆ ಬಿಡುತ್ತಾರೆ. ಅಲೆಯ ನೆತ್ತಿಯಲ್ಲಿ ಅಲ್ಲ, ಹಿಂಬದಿಯಲ್ಲೂ ಅಲ್ಲ. ಬೋಟಿನ ಕಡೆ ಮುಖ ಮಾಡಿದ ಇಳಿಜಾರಿನಲ್ಲಿ, ಪಂಕದ ಬಿಳಿ ನೊರೆ ಇಲ್ಲದ ತಿಳಿನೀರಿನಲ್ಲಿ ಇರಬೇಕು. ನೊರೆಯಲ್ಲಿ ಬಿಟ್ಟರೆ ಮೀನಿಗೆ ಕಾಣುವುದಿಲ್ಲ. ಬಣ್ಣದ ಬಗ್ಗೆ ಹುಡುಗ ಒಂದು ಗಂಟೆ ಹೇಳಿದ. ನಮಗೆ ಅನಿಸಿದ್ದು, ಆ ಬಣ್ಣಗಳು ಮೀನಿಗಿಂತ ಮನುಷ್ಯನನ್ನು ಹಿಡಿಯಲಿಕ್ಕೆ ಇರುವುದು.

ಗಾಳಕ್ಕೆ ಬರೋಣ. ಮಾರ್ಲಿನ್ನಿನ ಬಾಯಿ ಎಲುಬಿನ ಹಾಗೆ ಗಟ್ಟಿ. ಅಂಗಡಿಯಿಂದ ತಂದ ಗಾಳವನ್ನು ಹಾಗೆಯೇ ಹಾಕಿದರೆ ಒಳಗೆ ಹೋಗುವುದಿಲ್ಲ, ಅರ ಹಾಕಲೇಬೇಕು. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ಮೆಲ್ಲನೆ ಎಳೆಯಿರಿ. ಜಾರಿದರೆ ಮೊಂಡು, ಕಚ್ಚಿ ನಿಂತರೆ ಹರಿತ. ನಮ್ಮ ಕತ್ತಿಗೆ ನಾವು ಹೀಗೇ ನೋಡುವುದಲ್ಲವಾ? ಎರಡನೆಯದು, ಗಾಳದ ಬಾಯಿ ಹುಸಿ ಮೀನಿನ ತಲೆಗಿಂತ ಅಗಲ ಇರಬೇಕು. ಇಲ್ಲದಿದ್ದರೆ ತಲೆಯೇ ಅಡ್ಡ ನಿಂತು ಮೊನೆ ಮೀನಿಗೆ ತಾಗುವುದಿಲ್ಲ. ಮೂರನೆಯದು, ಗಾಳದ ಬಾಗು ಲಂಗದ ತುದಿಯ ಹತ್ತಿರ ಬರಬೇಕು. ಬಹಳ ಒಳಗೆ ಹೋದರೆ ಲಂಗದಲ್ಲಿ ಸಿಕ್ಕಿಕೊಳ್ಳುತ್ತದೆ, ಬಹಳ ಹೊರಗೆ ಬಂದರೆ ಹುಸಿ ಮೀನಿನ ಓಟ ಕೆಡುತ್ತದೆ. ಜಾಗ ಸರಿ ಮಾಡಲಿಕ್ಕೆ ತಲೆಗೂ ಗಾಳಕ್ಕೂ ನಡುವೆ ಮಣಿ ಪೋಣಿಸುತ್ತಾರೆ. ಗಾಳ ತಿರುಗದೆ ಮೊನೆ ಮೇಲಾಗಿ ನಿಲ್ಲಲಿಕ್ಕೆ ತಲೆಯ ತೂತಿನಲ್ಲಿ ಹಲ್ಲುಕಡ್ಡಿ ತುರುಕುತ್ತಾರೆ. ನಾವು ಹಿಡಿಕಡ್ಡಿಯ ತುದಿ ಮುರಿದು ಹಾಕಿದೆವು, ಏನೂ ತೊಂದರೆ ಆಗಲಿಲ್ಲ.

ಈಗ ದಾರ. ಅಂಜಲಿಗೆ ಹರಿತವಾದ ಹಲ್ಲು ಇದೆ, ಅದಕ್ಕೆ ಗಾಳದ ಹತ್ತಿರ ಸರಿಗೆ ಬೇಕು. ಮಾರ್ಲಿನ್ನಿಗೆ ಹಾಗೆ ಕತ್ತರಿಸುವ ಹಲ್ಲು ಇಲ್ಲ. ಆದರೆ ಅದರ ಈಟಿ ಅರದ ಹಾಗೆ ಒರಟು. ತಾಸುಗಟ್ಟಲೆ ಉಜ್ಜಿದರೆ ಎಂಥಾ ದಾರವೂ ಸವೆಯುತ್ತದೆ. ಅದಕ್ಕೇ ಗಾಳದ ಕಡೆಗೆ ಕೆಲವು ಮಾರು ಮಾತ್ರ ಬಹಳ ದಪ್ಪ ತಂಗೂಸು ಹಾಕುತ್ತಾರೆ, 400 ಪೌಂಡಿನದ್ದು, ಅಂದರೆ ಸುಮಾರು 180 ಕಿಲೋ ತಡೆಯುವಂಥದ್ದು. ಎರಡು ಮಿಲಿಮೀಟರಿಗೆ ಹತ್ತಿರ ದಪ್ಪ. ಇಷ್ಟು ದಪ್ಪದ ತಂಗೂಸಿಗೆ ಗಂಟು ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಸ್ಲೀವ್ ಎಂಬ ಪುಟ್ಟ ಲೋಹದ ಕೊಳವೆ. ಅಕ್ಕಪಕ್ಕ ಎರಡು ತೂತು. ದಾರ ಒಂದರಲ್ಲಿ ಹೋಗಿ, ಗಾಳದ ಕಣ್ಣಿನಲ್ಲಿ ಸುತ್ತಿ, ಇನ್ನೊಂದರಲ್ಲಿ ಹೊರಗೆ ಬರುತ್ತದೆ. ಆಮೇಲೆ ಕೊಳವೆಯನ್ನು ಒತ್ತಿ ಬಿಗಿ ಮಾಡುವುದು. ಒಂದು ಇಂಚಿನಷ್ಟೂ ಉದ್ದ ಇಲ್ಲದ ಈ ಕೊಳವೆಯ ಮೇಲೆ ಇಡೀ ಮೀನು ನಿಂತಿರುತ್ತದೆ.

2021ರ ನವೆಂಬರಿನಲ್ಲಿ ಆದದ್ದು ಇದರದ್ದೇ ಕಥೆ.

ಆ ವರ್ಷ ಭಾವನಿಗೆ ಕಷ್ಟ ಇತ್ತು. ದೋಣಿಯ ಯಂತ್ರಕ್ಕೆ ನಮ್ಮ ಸಂಘದಿಂದಲೇ ಸಾಲ ಮಾಡಿದ್ದರು. ಎರಡು ಕಂತು ಬಾಕಿ. ಆಡಳಿತ ಮಂಡಳಿಯ ಸಭೆಯಲ್ಲಿ ಸುಸ್ತಿದಾರರ ಪಟ್ಟಿ ಓದುವಾಗ ಅವರ ಹೆಸರೂ ಬಂತು, ನಾವೂ ಅಲ್ಲೇ ಕೂತಿದ್ದೆವು. ಯಾರೂ ನಮ್ಮ ಮುಖ ನೋಡಲಿಲ್ಲ. ನೋಡಿದ್ದರೇ ಒಳ್ಳೆಯದಿತ್ತು. ಮರುವಾರ ನಾವೇ ಭಾವನ ಜೊತೆ ದೋಣಿ ಹತ್ತಿದೆವು. ಗದ್ದೆ ಕೊಯ್ಲು ಮುಗಿದಿತ್ತು. ಹುಡುಗ ಅವತ್ತು ಊರಲ್ಲಿ ಇರಲಿಲ್ಲ. ಹಿಂದಿನ ರಾತ್ರಿ ಗಾಳ ಕಟ್ಟಿದ್ದು ನಾವು. ಒತ್ತುವ ಇಕ್ಕಳ ನಮ್ಮ ಹತ್ತಿರ ಇರಲಿಲ್ಲ, ಮನೆಯಲ್ಲಿದ್ದ ಮಾಮೂಲಿ ಕಟಿಂಗ್ ಪ್ಲೇಯರಿನಲ್ಲಿ ಕೈ ನೋಯುವಷ್ಟು ಒತ್ತಿದೆವು. ದಾರದ ತುದಿಗೆ ಬೆಂಕಿ ತೋರಿಸಿ ಕಡಲೆಕಾಳಿನ ಹಾಗೆ ಗುಂಡು ಮಾಡಬೇಕು, ಆಗ ಜಾರಿದರೂ ಕೊಳವೆಯಿಂದ ಹೊರಗೆ ಬರುವುದಿಲ್ಲ ಅಂತ ಹುಡುಗ ಸಾವಿರ ಸಲ ಹೇಳಿದ್ದ. ಕರೆಂಟು ಹೋಗಿತ್ತು, ಬೆಂಕಿಪೊಟ್ಟಣ ಸಿಗಲಿಲ್ಲ. ಬೆಳಿಗ್ಗೆ ಮಾಡಿದರಾಯ್ತು ಅಂತ ಬಿಟ್ಟೆವು. ಬೆಳಿಗ್ಗೆ ಮರೆತೆವು.

ನೇತ್ರಾಣಿ ಗುಡ್ಡದಿಂದ ಪಶ್ಚಿಮಕ್ಕೆ ಎಳೆಯುತ್ತಿದ್ದೆವು. ಒಂಬತ್ತು ಗಂಟೆಯ ಹೊತ್ತು. ಭಾವ ಚುಕ್ಕಾಣಿಯಲ್ಲಿ. ಹಿಂದೆ ಎರಡನೇ ಹುಸಿ ಮೀನಿನ ಹತ್ತಿರ ನೀರಿನೊಳಗೆ ಒಂದು ಕಂದು ನೆರಳು ಬಂತು, ನೋಡುತ್ತಿದ್ದ ಹಾಗೆ ನೇರಳೆ ನೀಲಿಯಾಗಿ ಹೊಳೆಯಿತು. ಈಟಿ ನೀರಿನ ಮೇಲೆ ಬಂತು. ಎರಡು ಸಲ ಹೊಡೆಯಿತು, ಮೂರನೇ ಸಲ ಕಚ್ಚಿತು. ದಾರವನ್ನು ಗೂಟಕ್ಕೆ ಒಂದು ಸುತ್ತು ಹಾಕಿ ಬಿಗಿ ಇಟ್ಟುಕೊಂಡು ಬಿಡುತ್ತಾ ಹೋದೆವು. ನೂರು ಮೀಟರ್ ಹೋಗಿ ಮೇಲಕ್ಕೆ ಹಾರಿತು ನೋಡಿ, ಬೆನ್ನಿನ ಹಾಯಿ ಪೂರ್ತಿ ಬಿಚ್ಚಿಕೊಂಡು. ಒಂದು ಆಳಿಗಿಂತ ಉದ್ದ. ಮೂರು ಸಲ ಹಾರಿತು. ಭಾವ "ಬಿಗಿ ಮಾಡ್ಬೇಡಿ, ಬಿಡಿ ಬಿಡಿ" ಅನ್ನುತ್ತಿದ್ದರು. ನಾವು ಬಿಡುತ್ತಲೇ ಇದ್ದೆವು. ನಾಲ್ಕನೇ ಸಲ ಹಾರಿ ತಲೆ ಕೊಡವಿತು. ದಾರ ಸಡಿಲಾಯಿತು.

ಎಳೆದುಕೊಂಡೆವು. ಗಾಳ ಇಲ್ಲ, ಅಂಡಮಾನಿನಿಂದ ಬಂದ ಹುಸಿ ಮೀನೂ ಇಲ್ಲ. ಬರೀ ತಂಗೂಸು. ಭಾವ ಅದರ ತುದಿ ಹಿಡಿದು ಬೆಳಕಿಗೆ ನೋಡಿದರು. ದಾರದ ತುದಿ ಸುಳ್ಳು ಹೇಳುವುದಿಲ್ಲ. ಉಜ್ಜಿ ತುಂಡಾದರೆ ತುದಿ ಒರಟಾಗಿ ನಾರುನಾರಾಗಿರುತ್ತದೆ. ಗಂಟು ಬಿಚ್ಚಿದರೆ ಸುರುಳಿ ಸುತ್ತಿರುತ್ತದೆ. ನಮ್ಮ ದಾರದ ತುದಿ ಕತ್ತರಿಯಲ್ಲಿ ಕತ್ತರಿಸಿದ ಹಾಗೇ ಇತ್ತು, ಪಕ್ಕದಲ್ಲಿ ಇಕ್ಕಳದ ಚಪ್ಪಟೆ ಗುರುತು ಮಾತ್ರ. ಭಾವ ಹೇಳಿದ್ದು ಇಷ್ಟೇ: "ಭಾವ, ಇದು ತುಂಡಾಗ್ಲಿಲ್ಲ. ಜಾರಿತು."

ಆಮೇಲೆ ದಡ ಸೇರುವ ತನಕ ಅವರು ಆ ವಿಷಯ ಎತ್ತಲಿಲ್ಲ. ಆ ಮೀನು ಸಿಕ್ಕಿದ್ದರೆ ಒಂದು ಕಂತಿನ ದೊಡ್ಡ ಪಾಲು ಸಂದಾಯ ಆಗುತ್ತಿತ್ತು. ಊರಿನಲ್ಲಿ ಕೆಲವರು ದಾರ ಕಳಪೆ ಅಂದರು, ಕೆಲವರು ಗ್ರಹಚಾರ ಅಂದರು, ಯಾರೋ ಅಂಗಡಿಯವರನ್ನು ಬೈದರು. ಇವತ್ತು ಮೈಕಿನಲ್ಲಿ ಹೇಳುತ್ತೇವೆ, ದಾರವೂ ಅಲ್ಲ, ಗ್ರಹಚಾರವೂ ಅಲ್ಲ, ಅಂಗಡಿಯೂ ಅಲ್ಲ. ಒತ್ತಿದ್ದು ನಾವು.

ಹುಡುಗ ಬಂದ ಮೇಲೆ ಸಂಘದ ಗೋದಾಮಿನಲ್ಲಿ ಒಂದು ಪರೀಕ್ಷೆ ಮಾಡಿದೆವು. ಅವನ ಹತ್ತಿರ ಒತ್ತುವ ಇಕ್ಕಳ ಇತ್ತು. ಅದೇ ತಂಗೂಸಿನಲ್ಲಿ ಎರಡು ಕುಣಿಕೆ ಮಾಡಿದೆವು, ಒಂದು ನಮ್ಮ ಕಟಿಂಗ್ ಪ್ಲೇಯರಿನಲ್ಲಿ ಒತ್ತಿದ್ದು, ಒಂದು ಅವನ ಇಕ್ಕಳದಲ್ಲಿ ಒತ್ತಿದ್ದು. ಜಂತಿಗೆ ಕಟ್ಟಿ ಯೂರಿಯಾ ಚೀಲ ತೂಗಿಸಿದೆವು. ಯೂರಿಯಾ ಚೀಲ ಈಗ 45 ಕಿಲೋ ಅಂತ ನಿಮಗೆಲ್ಲ ಗೊತ್ತು. ನಮ್ಮದು ಎರಡು ಚೀಲ ತಡೆಯಿತು, ಮೂರನೆಯದು ಹಾಕುವಾಗ ಸದ್ದಿಲ್ಲದೆ ಜಾರಿತು. ಹುಡುಗನದ್ದು ಮೂರು ಚೀಲ ಹೊತ್ತು ಅರ್ಧ ದಿನ ನಿಂತಿತು. ನಾಲ್ಕನೆಯದು ಹಾಕಲಿಲ್ಲ, ದಾರದ ಶಕ್ತಿಯೇ ಅಷ್ಟು. ಗುಮಾಸ್ತರು ಚೀಲ ಒಡೆದರೆ ಯಾರ ಲೆಕ್ಕಕ್ಕೆ ಬರೆಯಲಿ ಅಂತ ಕೇಳುತ್ತಲೇ ಇದ್ದರು.

ವ್ಯತ್ಯಾಸ ಎಲ್ಲಿ ಅಂದರೆ, ಕಟಿಂಗ್ ಪ್ಲೇಯರ್ ಕೊಳವೆಯನ್ನು ಎರಡು ಕಡೆಯಿಂದ ಚಪ್ಪಟೆ ಮಾಡುತ್ತದೆ, ಒಂದು ಕಡೆ ಬಿಗಿ, ಒಂದು ಕಡೆ ಸಡಿಲು. ಒತ್ತುವ ಇಕ್ಕಳಕ್ಕೆ ಕೊಳವೆಯ ಆಕಾರದ ಗುಳಿ ಇದೆ, ಸುತ್ತಲೂ ಸಮನಾಗಿ ಅಪ್ಪಿ ಒತ್ತುತ್ತದೆ. ಕೊಳವೆಯ ಅಳತೆ ದಾರದ ದಪ್ಪಕ್ಕೆ ಸರಿಯಾಗಿರಬೇಕು, ಎರಡೆಳೆ ಒಳಗೆ ಹೋದ ಮೇಲೆ ಅಲುಗಾಡುವಷ್ಟು ಜಾಗ ಉಳಿಯಬಾರದು. ಒಳಗೆ ಎಳೆ ಒಂದರ ಮೇಲೊಂದು ಹತ್ತಬಾರದು. ಇನ್ನೊಂದು ವಿಷಯ, ಕೊಳವೆಯ ಎರಡೂ ತುದಿಗಳನ್ನು ಒತ್ತಬಾರದು. ನಡುವೆ ಮಾತ್ರ ಒತ್ತಿ ತುದಿಗಳನ್ನು ತುತ್ತೂರಿಯ ಬಾಯಿಯ ಹಾಗೆ ಬಿಡಬೇಕು. ತುದಿಯನ್ನೂ ಒತ್ತಿದರೆ ಅದರ ಅಂಚೇ ಕತ್ತಿಯಾಗಿ ದಾರವನ್ನು ಕೊಯ್ಯುತ್ತದೆ. ಗಾಳದ ಕಣ್ಣು ಉಜ್ಜುವ ಕಡೆ ದಾರಕ್ಕೆ ಒಂದು ಸಣ್ಣ ಪ್ಲಾಸ್ಟಿಕ್ ನಳಿಗೆ ಹಾಕಬೇಕು. ಕೊನೆಗೆ ದಾರದ ತುದಿಗೆ ಬೆಂಕಿ ತೋರಿಸುವುದು. ಇದನ್ನು ಮರುದಿನಕ್ಕೆ ಇಡಬಾರದು. ಒಂದು ಮೀನು ಹಿಡಿದ ಮೇಲೆ ದಾರವನ್ನು ಎರಡು ಬೆರಳ ನಡುವೆ ಎಳೆದು ನೋಡಿ, ಒರಟು ಸಿಕ್ಕಿದರೆ ಆ ತುಂಡನ್ನು ಕತ್ತರಿಸಿ ಹೊಸದಾಗಿ ಒತ್ತಿ.

ಇಕ್ಕಳ ಕೊಳ್ಳುವ ವಿಷಯವನ್ನು ಆಡಳಿತ ಮಂಡಳಿಯ ಮುಂದೆ ಇಟ್ಟೆವು. ಒಬ್ಬ ನಿರ್ದೇಶಕರು "ಗೊಬ್ಬರದ ಸಂಘಕ್ಕೆ ಮೀನಿನ ಇಕ್ಕಳ ಯಾಕೆ?" ಅಂದರು. ಪ್ರಶ್ನೆ ಸರಿಯೇ. ನಾವು ಸುಸ್ತಿದಾರರ ಪಟ್ಟಿ ತೆಗೆದು, ಅದರಲ್ಲಿ ದೋಣಿ ಸಾಲದವರು ಎಷ್ಟು ಜನ ಅಂತ ಎಣಿಸಲು ಕೇಳಿದೆವು. ಎಣಿಸಿದರು. ಒಂದು ಒತ್ತುವ ಇಕ್ಕಳ, ಮೂರು ಅಳತೆಯ ಕೊಳವೆ ಮಂಜೂರಾಯಿತು. ಔಷಧಿ ಸಿಂಪಡಿಸುವ ಪಂಪು ಬಾಡಿಗೆಗೆ ಇಟ್ಟ ಕಪಾಟಿನಲ್ಲೇ ಅದೂ ಇದೆ. ಭಾವನ ಯಂತ್ರದ ಸಾಲ 2023ರಲ್ಲಿ ತೀರಿತು. ಹಾಯಿ ಮೀನಿನಿಂದ ಅಲ್ಲ, ಅದು ಮತ್ತೆ ಬರಲೇ ಇಲ್ಲ. ಅಂಜಲ್ ಮತ್ತು ಗೇದರದಿಂದ ತೀರಿತು.

ಹವಾಯಿಯಲ್ಲಿ 1970ರಲ್ಲಿ ಹೊನೊಲುಲುವಿನ ಒಂದು ಬೋಟು 1,805 ಪೌಂಡಿನ ನೀಲಿ ಮಾರ್ಲಿನ್ ತಂದಿತು, ಸುಮಾರು 818 ಕಿಲೋ. ಪೆರುವಿನದ್ದಕ್ಕಿಂತ ದೊಡ್ಡದು. ಆದರೆ ಒಬ್ಬರಿಗಿಂತ ಹೆಚ್ಚು ಜನ ಕೋಲು ಹಿಡಿದಿದ್ದರು ಅಂತ ಅದನ್ನು ದಾಖಲೆಗೆ ಸೇರಿಸಲಿಲ್ಲ. ಅವರ ನಿಯಮ ಹಾಗೆ. ನಮ್ಮ ಸಂಘದಲ್ಲಾಗಿದ್ದರೆ ಅದೊಂದನ್ನೇ ದಾಖಲೆಗೆ ಸೇರಿಸುತ್ತಿದ್ದೆವು.

ಹುಡುಗರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಳೆಗಾಳದ ದಾರವನ್ನು ಯಾವ ಕಾರಣಕ್ಕೂ ಕೈಗೆ ಸುತ್ತಿಕೊಳ್ಳಬೇಡಿ, ಕಾಲಡಿಯಲ್ಲಿ ಸುರುಳಿ ಬಿಡಬೇಡಿ. ದೊಡ್ಡ ಮೀನು ತಿರುಗಿ ಓಡಿದರೆ ಕೈ ಬಿಡಿಸಿಕೊಳ್ಳಲಿಕ್ಕೆ ಸಮಯ ಇರುವುದಿಲ್ಲ. ಮಾರ್ಲಿನ್ ದಾರ ಕೈಗೆ ಸಿಕ್ಕಿ ನೀರಿಗೆ ಬಿದ್ದು ಪ್ರಾಣ ಹೋದವರು ಬೇರೆ ದೇಶಗಳಲ್ಲಿ ಇದ್ದಾರೆ, ಅವರಲ್ಲಿ ಅನುಭವಸ್ಥರೂ ಇದ್ದರು. ಕೈಚೀಲ ಹಾಕಿಕೊಳ್ಳಿ, ಹತ್ತಿರ ಒಂದು ಕತ್ತಿ ಇಟ್ಟುಕೊಳ್ಳಿ. ಮೀನು ಹೋದರೆ ಹೋಗಲಿ.

ಇಕ್ಕಳ ಬೇಕಾದವರು ಗುಮಾಸ್ತರ ಹತ್ತಿರ ಪುಸ್ತಕದಲ್ಲಿ ಸಹಿ ಮಾಡಿ ತೆಗೆದುಕೊಂಡು ಹೋಗಬಹುದು. ಬಾಡಿಗೆ ಇಲ್ಲ, ಆದರೆ ಸಂಜೆಯೊಳಗೆ ವಾಪಸು ತರಬೇಕು. ಒತ್ತುವುದು ಗೊತ್ತಿಲ್ಲದವರಿಗೆ ಭಾನುವಾರ ಮಧ್ಯಾಹ್ನ ಹುಡುಗ ಗೋದಾಮಿನಲ್ಲಿ ತೋರಿಸಿಕೊಡುತ್ತಾನೆ. ಹೋದ ತಿಂಗಳು ತೆಗೆದುಕೊಂಡು ಹೋದ ಒಬ್ಬರು ಇನ್ನೂ ತಂದುಕೊಟ್ಟಿಲ್ಲ. ಅವರು ಈ ಚಪ್ಪರದಲ್ಲೇ ಕೂತಿದ್ದಾರೆ, ನಮಗೆ ಕಾಣುತ್ತಾ ಇದೆ. ಹೆಸರು ಹೇಳುವುದಿಲ್ಲ. ಊಟ ಆದ ಮೇಲೆ ಮನೆಗೆ ಹೋಗಿ ತಂದುಕೊಡಲಿ.